ಚೀಲ ಬೇಡ ಅಂತ ಜಮೀನು ಮಾರಬೇಕಾ? ಗುದನಾಳದ ಕ್ಯಾನ್ಸರ್ ಆಪರೇಷನ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: "ನಾವು ಹಾಸನ ಜಿಲ್ಲೆ, ಆಲೂರು ತಾಲೂಕಿನವರು. ಅಪ್ಪನಿಗೆ 61 ವರ್ಷ. ಎರಡೂವರೆ ಎಕರೆ ಇದೆ, ಶುಂಠಿ, ಮುಸುಕಿನ ಜೋಳ ಹಾಕ್ತಾರೆ. ಶುಗರ್‌ಗೆ ಮಾತ್ರೆ ತಗೋತಾರೆ. ಆರೇಳು ತಿಂಗಳಿಂದ ಮೋಷನ್‌ನಲ್ಲಿ ರಕ್ತ ಹೋಗ್ತಿತ್ತು. ಮೂಲವ್ಯಾಧಿ ಅಂತ ಮುಲಾಮು, ಪುಡಿ ಎಲ್ಲ ಆಯ್ತು. ಕೊನೆಗೆ ಹಾಸನದಲ್ಲಿ ಕೊಲೊನೋಸ್ಕೋಪಿ ಮಾಡಿಸಿದಾಗ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಯ್ತು. ಗಡ್ಡೆ ಗುದದ್ವಾರದಿಂದ 3 ಸೆಂ.ಮೀ. ಮೇಲಿದೆ, ಟಿ3, ಎರಡು ಗಂಟು ದೊಡ್ಡದಾಗಿವೆ, ಸ್ನಾಯುವಿಗೆ ತುಂಬಾ ಹತ್ತಿರ ಇದೆ ಅಂತ ಎಂಆರ್‌ಐ ರಿಪೋರ್ಟ್ ಬಂದಿದೆ. ಎದೆ, ಹೊಟ್ಟೆಯ ಸಿಟಿ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿಲ್ಲ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಬೋಟ್ ಆಪರೇಷನ್ ಮಾಡಿದ್ರೆ ಗುದದ್ವಾರ ಉಳಿಸಬಹುದು, ಆರು ಲಕ್ಷ ಆಗುತ್ತೆ ಅಂದ್ರು. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಕರೆಂಟ್ ಕೊಡ್ತೀವಿ, ಆಮೇಲೆ ಆಪರೇಷನ್, ಜೀವನಪೂರ್ತಿ ಮಲ ಹೋಗೋಕೆ ಹೊಟ್ಟೆ ಮೇಲೆ ಚೀಲ ಬರಬಹುದು ಅಂದ್ರು. 'ಚೀಲ ಕಟ್ಕೊಂಡು ಬದುಕೋದಕ್ಕಿಂತ ಹಾಗೇ ಹೋಗ್ತೀನಿ' ಅಂತಾರೆ ಅಪ್ಪ. ಚಾಕು ತಾಗಿದ್ರೆ ಹರಡುತ್ತೆ, ನಾಟಿ ಔಷಧಿ ಮಾಡಿಸೋಣ ಅಂತಾರೆ ಚಿಕ್ಕಪ್ಪ. ಬಿಪಿಎಲ್ ಕಾರ್ಡ್ ಇದೆ. ಒಂದು ಎಕರೆಗೆ ಗಿರಾಕಿಯೂ ಬಂದಿದ್ದಾರೆ. ನಾನು ಮಗಳು, 34 ವರ್ಷ. ನಾನೇ ಓಡಾಡ್ತಿರೋದು. ಏನು ಮಾಡಲಿ ಡಾಕ್ಟ್ರೇ?"

ಉತ್ತರ:

ಮೊದಲು ಜಮೀನಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಗಿರಾಕಿ ಕಾಯುತ್ತಿದ್ದಾನೆ. ಮಾರಬೇಡಿ. ಕನಿಷ್ಠ ಈಗ, ರೋಬೋಟಿಗಾಗಿ ಮಾರಬೇಡಿ. ನಿಮ್ಮ ಅಪ್ಪನಿಗೆ ಮೊದಲು ಆಗಬೇಕಾಗಿರುವುದು ಆಪರೇಷನ್ನೇ ಅಲ್ಲ. ಕರೆಂಟ್ ಕೊಡೋದು, ಅಂದರೆ ರೇಡಿಯೇಷನ್. ಸರ್ಕಾರಿ ಆಸ್ಪತ್ರೆಯವರು ಹೇಳಿದ ಕ್ರಮ ಸರಿಯಾಗಿದೆ. ಗುದದ್ವಾರ ಉಳಿಯುತ್ತದಾ ಇಲ್ಲವಾ ಅನ್ನೋದು ಅದು ಮುಗಿದು, ಇನ್ನೊಂದು ಸಲ ಎಂಆರ್‌ಐ ಮಾಡಿದ ಮೇಲೆ ತೀರ್ಮಾನ ಆಗುವ ಮಾತು. ಅಷ್ಟರೊಳಗೆ ಯಾರಿಗೂ ಮುಂಗಡ ಕೊಡುವ ಅಗತ್ಯ ಇಲ್ಲ.

ನಿಮ್ಮ ಪತ್ರದಲ್ಲಿ ಮೂರು ಭಯ ಕಾಣುತ್ತಿದೆ. ದುಡ್ಡಿಲ್ಲದ್ದಕ್ಕೆ ಅಪ್ಪನಿಗೆ ಕಡಿಮೆ ದರ್ಜೆಯ ಆಪರೇಷನ್ ಆಗುತ್ತದಾ ಅನ್ನೋದು ಒಂದು. ಚೀಲ ಬಂದರೆ ಬದುಕೇ ಮುಗೀತಾ ಅನ್ನೋದು ಇನ್ನೊಂದು. ಚಿಕ್ಕಪ್ಪನ ಮಾತು ಕೇಳದೆ ಏನಾದರೂ ಆದರೆ ನಿಮ್ಮ ತಲೆಗೆ ಬರುತ್ತೆ ಅನ್ನೋದು ಮೂರನೆಯದು. ನೀವು ಅದನ್ನು ಬರೆದಿಲ್ಲ, ಆದರೆ ಓಡಾಡುವ ಮಕ್ಕಳೆಲ್ಲರಿಗೂ ಅದು ಇರುತ್ತದೆ.

ಚಿಕ್ಕಪ್ಪನ ಮಾತು ಬೇಗ ಮುಗಿಸೋಣ. ಬಯಾಪ್ಸಿ ಮಾಡಿದ್ದಕ್ಕೆ, ಚಾಕು ತಾಗಿದ್ದಕ್ಕೆ ಈ ಕ್ಯಾನ್ಸರ್ ಹರಡುವುದಿಲ್ಲ. ಈ ನಂಬಿಕೆ ಎಲ್ಲಿಂದ ಬಂತು ಅನ್ನೋದು ಮಾತ್ರ ಅರ್ಥ ಆಗುತ್ತದೆ. ಹಿಂದೆ ಸ್ಕ್ಯಾನ್ ಇರಲಿಲ್ಲ. ಹೊಟ್ಟೆ ತೆರೆದು ನೋಡಿದಾಗ ಕಾಯಿಲೆ ಎಲ್ಲ ಕಡೆ ಇರುತ್ತಿತ್ತು, ಹಾಗೇ ಮುಚ್ಚಿ ಕಳಿಸುತ್ತಿದ್ದರು. ಸ್ವಲ್ಪ ದಿನದಲ್ಲಿ ರೋಗಿ ತೀರಿಕೊಂಡರೆ ಊರವರು ಆಪರೇಷನ್ ಮೇಲೆ ಹಾಕುತ್ತಿದ್ದರು. ನಿಮ್ಮ ಅಪ್ಪನ ಸಿಟಿ ಸ್ಕ್ಯಾನ್ ಸ್ವಚ್ಛವಾಗಿದೆ. ಈಗ ಗುಣವಾಗುವ ಅವಕಾಶ ಇದೆ, ಅದು ತಿಂಗಳು ತಿಂಗಳಿಗೆ ಕಡಿಮೆ ಆಗುತ್ತಾ ಹೋಗುತ್ತದೆ. ನಾಟಿ ಔಷಧಿಯನ್ನು ಇದರ ಬದಲಿಗೆ ಮಾಡಬೇಡಿ. ಜೊತೆಗೆ ಏನಾದರೂ ಕೊಡುತ್ತಿದ್ದರೆ ಕೀಮೋ ಕೊಡುವ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಕೆಲವು ಪುಡಿಗಳಲ್ಲಿ ಲೋಹ ಇರುತ್ತದೆ. ಲಿವರ್, ಕಿಡ್ನಿ ಕೆಟ್ಟರೆ ಚಿಕಿತ್ಸೆಯೇ ನಿಲ್ಲುತ್ತದೆ. ಇನ್ನೊಂದು ಮಾತು, ಇದು ಅಂಟುರೋಗ ಅಲ್ಲ. ಹೊರಗಿನಿಂದ ಕರೆಂಟ್ ತಗೊಂಡು ಬಂದವರ ಮೈಯಿಂದ ಏನೂ ಹೊರಬರುವುದಿಲ್ಲ. ಮೊಮ್ಮಕ್ಕಳು ಅಜ್ಜನ ತೊಡೆ ಮೇಲೆ ಕೂರಲಿ.

ಮುಲಾಮು ಹಚ್ಚುತ್ತಾ ಆರೇಳು ತಿಂಗಳು ಹೋದದ್ದರ ಬಗ್ಗೆ ಎರಡು ಮಾತು ಹೇಳಲೇಬೇಕು, ಓದುವ ಬೇರೆಯವರಿಗೆ ಆದರೂ ಉಪಯೋಗ ಆಗಲಿ. ಗುದದ್ವಾರದಿಂದ 3 ಸೆಂ.ಮೀ. ಮೇಲಿರುವ ಗಡ್ಡೆ ಬೆರಳಿಗೆ ಸಿಗುತ್ತದೆ. ಗ್ಲೌಸ್ ಹಾಕಿದ ಬೆರಳು 7–8 ಸೆಂ.ಮೀ. ತನಕ ಮುಟ್ಟುತ್ತದೆ. ಒಂದು ನಿಮಿಷದ ಪರೀಕ್ಷೆ, ಮೆಷಿನ್ ಬೇಡ, ದುಡ್ಡೂ ಬೇಡ. ನಮ್ಮ ಕಡೆ ರೋಗಿಗೆ ಸಂಕೋಚ, ಡಾಕ್ಟರಿಗೆ ಅವಸರ. ರಕ್ತ ಅಂದರೆ ಪೈಲ್ಸ್, ಪೈಲ್ಸ್ ಅಂದರೆ ಮುಲಾಮು. ನಲವತ್ತು ದಾಟಿದವರಿಗೆ ರಕ್ತ ಹೋಗುತ್ತಿದ್ದರೆ, ಇಲ್ಲವೇ ಹೋಗಿ ಬಂದ ಮೇಲೂ ಪೂರ್ತಿ ಆಗಿಲ್ಲ ಅನ್ನಿಸುತ್ತಿದ್ದರೆ, ಬೆರಳು ಹಾಕಿ ನೋಡದೆ ಔಷಧಿ ಬರೆಯುವವರ ಹತ್ತಿರ ಹೋಗಬೇಡಿ. ನಮ್ಮ ದೇಶದಲ್ಲಿ ಮೂವತ್ತರ ಆಸುಪಾಸಿನವರಲ್ಲೂ ಈ ಕಾಯಿಲೆ ಕಾಣುತ್ತೇವೆ, ಹಾಗಾಗಿ ಚಿಕ್ಕ ವಯಸ್ಸು ಅಂತಲೂ ಸುಮ್ನೆ ಕೂರುವ ಹಾಗಿಲ್ಲ.

ಈಗ ಅಸಲು ವಿಷಯ.

ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ 12–15 ಸೆಂ.ಮೀ. ಅದರ ಸುತ್ತ ಒಂದು ಕೊಬ್ಬಿನ ಹೊದಿಕೆ ಇದೆ. ಕ್ಯಾನ್ಸರ್ ಮೊದಲು ಹೋಗಿ ಕೂರುವ ಗಂಟುಗಳೆಲ್ಲ ಆ ಕೊಬ್ಬಿನೊಳಗೇ ಇರುತ್ತವೆ. ಟಿ3 ಅಂದರೆ ಗಡ್ಡೆ ಕರುಳಿನ ಗೋಡೆ ದಾಟಿ ಆ ಕೊಬ್ಬಿಗೆ ಇಳಿದಿದೆ ಅಂತ. ಶುಂಠಿ ಕೀಳುವವರಿಗೆ ಇದನ್ನು ಹೇಳುವುದು ಸುಲಭ. ಬುಡದ ಸುತ್ತ ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿದರೆ ಗಡ್ಡೆ ಪೂರ್ತಿ ಬರುತ್ತದೆ. ಸುಮ್ನೆ ಹಿಡಿದು ಎಳೆದರೆ ಒಂದು ತುಂಡು ಒಳಗೇ ಉಳಿದು ಮುಂದಿನ ಮಳೆಗೆ ಮೊಳೆಯುತ್ತದೆ. ಆ ಕೊಬ್ಬಿನ ಹೊದಿಕೆ ಹರಿಯದ ಹಾಗೆ ಇಡಿಯಾಗಿ ತೆಗೆಯುವ ವಿಧಾನವನ್ನು ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ವಿವರಿಸಿದರು. ಅದಕ್ಕೆ ಟಿಎಂಇ ಅನ್ನುತ್ತೇವೆ. ಅಲ್ಲಿಂದೀಚೆಗೆ ಈ ಕಾಯಿಲೆ ಅದೇ ಜಾಗದಲ್ಲಿ ಮರುಕಳಿಸುವುದು ಬಹಳ ಇಳಿಯಿತು. ಅದಕ್ಕೆ ಕಾರಣ ಮೆಷಿನ್ ಅಲ್ಲ, ಕತ್ತರಿಸುವ ಪದರ ಬದಲಾಗಿದ್ದು.

ಮೊದಲು ರೇಡಿಯೇಷನ್ ಯಾಕೆ ಅಂದರೆ, ನಿಮ್ಮ ಅಪ್ಪನ ಗಡ್ಡೆ ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿಗೆ ಹತ್ತಿರ ಇದೆ. ಈಗಲೇ ಕತ್ತರಿಸಲು ಹೋದರೆ ಅಂಚಿನಲ್ಲಿ ಕ್ಯಾನ್ಸರ್ ಉಳಿಯುವ ಅಪಾಯ ಇದೆ. 2001ರಲ್ಲಿ ಬಂದ ಡಚ್ ಅಧ್ಯಯನದಲ್ಲಿ ಎಲ್ಲರಿಗೂ ಒಳ್ಳೆಯ ಟಿಎಂಇ ಆಪರೇಷನ್ನೇ ಆಗಿತ್ತು. ಆದರೂ ಎರಡು ವರ್ಷದಲ್ಲಿ ಅದೇ ಜಾಗದಲ್ಲಿ ಕಾಯಿಲೆ ಮರಳಿದ್ದು, ಮೊದಲು ರೇಡಿಯೇಷನ್ ಪಡೆದವರಲ್ಲಿ ಶೇ. 2.4, ಪಡೆಯದವರಲ್ಲಿ ಶೇ. 8.2. ಆಪರೇಷನ್ ಆದ ಮೇಲೆ ಕರೆಂಟ್ ಕೊಟ್ಟರೆ ಆಗಲ್ವಾ ಅಂತ ಕೇಳುತ್ತಾರೆ. 2004ರಲ್ಲಿ ಜರ್ಮನಿಯವರು ಅದನ್ನೂ ಹೋಲಿಸಿ ನೋಡಿದರು. ಐದು ವರ್ಷದಲ್ಲಿ ಮರುಕಳಿಸಿದ್ದು ಮೊದಲೇ ಕೊಟ್ಟವರಲ್ಲಿ ಶೇ. 6, ಆಮೇಲೆ ಕೊಟ್ಟವರಲ್ಲಿ ಶೇ. 13. ಖಾಸಗಿಯವರು ನೇರವಾಗಿ ಆಪರೇಷನ್ನಿಗೇ ದಿನ ಕೊಟ್ಟಿದ್ದರೆ, ಇದನ್ನು ಕೇಳಿ: "ಮೊದಲು ರೇಡಿಯೇಷನ್ ಯಾಕೆ ಬೇಡ?" ಉತ್ತರ ತೃಪ್ತಿ ಕೊಡದಿದ್ದರೆ ಎದ್ದು ಬನ್ನಿ.

ರೇಡಿಯೇಷನ್ನಿನಲ್ಲಿ ಎರಡು ದಾರಿ ಇದೆ. ಒಂದು, ಐದು ದಿನದ್ದು, ದಿನಕ್ಕೆ ಜಾಸ್ತಿ ಪ್ರಮಾಣ. ಇನ್ನೊಂದು ಐದೂವರೆ ವಾರದ್ದು, ದಿನಕ್ಕೆ ಕಡಿಮೆ ಪ್ರಮಾಣ, ಜೊತೆಗೆ ಕೀಮೋ ಮಾತ್ರೆ. ಆಲೂರಿನಿಂದ ಹೋಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ಐದೂವರೆ ವಾರ ಉಳಿಯುವುದು ಅಂದರೆ ನಿಮ್ಮ ಮನೆಗೆ ಏನು ಅಂತ ನನಗೆ ಗೊತ್ತು. ಇಬ್ಬರ ಊಟ, ರೂಮು, ನಿಂತುಹೋದ ಕೂಲಿ. ಅರ್ಧಕ್ಕೆ ಬಿಟ್ಟು ಬರುವವರನ್ನು ನೋಡುತ್ತಲೇ ಇರುತ್ತೇವೆ, ಅರ್ಧ ರೇಡಿಯೇಷನ್ ಯಾವುದಕ್ಕೂ ಸಾಲದು. ಹಾಗಾಗಿ ಐದು ದಿನದ ದಾರಿಯ ಬಗ್ಗೆ ಕೇಳಿ. ಅದು ಬಡವರಿಗೆ ಅಂತ ಮಾಡಿದ ಅಗ್ಗದ ದಾರಿ ಅಲ್ಲ, ಯುರೋಪಿನಲ್ಲೂ ಕೊಡುತ್ತಾರೆ. ಐದು ದಿನ ರೇಡಿಯೇಷನ್, ಆಮೇಲೆ ನಾಲ್ಕು ತಿಂಗಳಷ್ಟು ಕೀಮೋ, ಕೊನೆಗೆ ಆಪರೇಷನ್ ಅನ್ನುವ ಕ್ರಮವನ್ನು ರ್‍ಯಾಪಿಡೋ ಅಧ್ಯಯನದಲ್ಲಿ ಪರೀಕ್ಷಿಸಿದರು. ಗಡ್ಡೆ ಪೂರ್ತಿ ಕರಗಿದವರು ಹಳೆಯ ಕ್ರಮದಲ್ಲಿ ಶೇ. 14, ಇದರಲ್ಲಿ ಶೇ. 28. ಆದರೆ ಐದು ವರ್ಷ ಕಾದು ನೋಡಿದಾಗ ಅದೇ ಜಾಗದಲ್ಲಿ ಮರುಕಳಿಸುವುದು ಇದರಲ್ಲಿ ಸ್ವಲ್ಪ ಜಾಸ್ತಿ ಇತ್ತು, ಶೇ. 6 ಇದ್ದದ್ದು ಶೇ. 10. ಅಂಚಿಗೆ ಹತ್ತಿರ ಇರುವ ಗಡ್ಡೆಗೆ ಕೆಲವು ಡಾಕ್ಟರುಗಳು ಉದ್ದದ್ದನ್ನೇ ಇಷ್ಟಪಡುವುದು ಇದಕ್ಕೇ. ಉಳಿಯಲು ಜಾಗ ಸಿಕ್ಕರೆ ಉದ್ದದ್ದು, ಇಲ್ಲದಿದ್ದರೆ ಐದು ದಿನದ್ದು. ಯಾವುದಾದರೂ ಸರಿ, ಪೂರ್ತಿ ಮುಗಿಸಬೇಕು. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ, ಹೋದ ದಿನವೇ ವಿಚಾರಿಸಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಳ್ಳಿ. ಕೀಮೋ ಮಾತ್ರೆ ನುಂಗುವಾಗ ಅಂಗೈ, ಅಂಗಾಲು ಕೆಂಪಾಗಿ ಸುಲಿಯಬಹುದು. ಆ ತಿಂಗಳುಗಳಲ್ಲಿ ಗುದ್ದಲಿ, ಶುಂಠಿ ಕೆಲಸ ಅವರ ಕೈಯಿಂದ ಆಗುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ರೇಡಿಯೇಷನ್ ಮುಗಿದು, ಕಾಯಬೇಕಾದಷ್ಟು ಕಾದ ಮೇಲೆ ಮತ್ತೆ ಎಂಆರ್‌ಐ, ಮತ್ತೆ ಬೆರಳಿನ ಪರೀಕ್ಷೆ. ಆಗ ನಿಮ್ಮ ಮುಂದೆ ನಿಜವಾಗಿ ಇರುವುದು ಎರಡು ಆಪರೇಷನ್.

ಗಡ್ಡೆ ಸ್ನಾಯುವಿನಿಂದ ದೂರ ಸರಿದಿದ್ದರೆ, ಗುದನಾಳ ತೆಗೆದು ಮೇಲಿನ ಕರುಳನ್ನು ಕೆಳಗೆ ತಂದು ಗುದದ್ವಾರದ ಹತ್ತಿರ ಜೋಡಿಸಬಹುದು. ಕೇಳಿದ ತಕ್ಷಣ ಎಲ್ಲರೂ ಇದನ್ನೇ ಬೇಕು ಅನ್ನುತ್ತಾರೆ. ಇದರ ಇನ್ನೊಂದು ಮುಖವನ್ನು ಆರು ಲಕ್ಷ ಹೇಳಿದವರು ಹೇಳಿದರಾ? ಇಷ್ಟು ಕೆಳಗೆ ಹಾಕಿದ ಜೋಡಣೆ ನೂರಕ್ಕೆ ಹತ್ತು ಜನರಲ್ಲಿ ಸೋರುತ್ತದೆ. ಸೋರಿದರೆ ಹೊಟ್ಟೆಯೊಳಗೆ ಕೀವು, ಐಸಿಯು, ಎರಡನೇ ಆಪರೇಷನ್. ಒಂದು ಬಡ ಕುಟುಂಬ ಸಾಲಕ್ಕೆ ಬೀಳುವುದು ಬಹಳ ಸಲ ಈ ಹಂತದಲ್ಲಿ, ಮೊದಲ ಆಪರೇಷನ್ನಿನಲ್ಲಿ ಅಲ್ಲ. ಶುಗರ್, ರಕ್ತಹೀನತೆ, ಬೀಡಿ, ಮೊದಲು ಕೊಟ್ಟ ರೇಡಿಯೇಷನ್ ಎಲ್ಲ ಸೇರಿ ಸೋರುವ ಸಾಧ್ಯತೆ ಜಾಸ್ತಿ ಮಾಡುತ್ತವೆ. ಅದಕ್ಕೇ ಜೋಡಣೆ ಮಾಗುವ ತನಕ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ತಾತ್ಕಾಲಿಕ ಚೀಲ ಇಡುತ್ತೇವೆ. 2007ರ ಸ್ವೀಡನ್ ಅಧ್ಯಯನದಲ್ಲಿ ಈ ಚೀಲ ಇಡದವರಲ್ಲಿ ಶೇ. 28 ಜನರಿಗೆ ಸೋರಿಕೆಯ ತೊಂದರೆ ಆಗಿತ್ತು, ಇಟ್ಟವರಲ್ಲಿ ಶೇ. 10. ಅಂದರೆ ಗುದದ್ವಾರ ಉಳಿಸುವ ಆಪರೇಷನ್ನಿನಲ್ಲೂ ಚೀಲ ತಪ್ಪುವುದಿಲ್ಲ. ಎರಡು ಮೂರು ತಿಂಗಳು, ಕೀಮೋ ಇದ್ದರೆ ಇನ್ನೂ ಜಾಸ್ತಿ. ಐದರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಒಂದಲ್ಲ ಒಂದು ಕಾರಣಕ್ಕೆ ಆ ತಾತ್ಕಾಲಿಕ ಚೀಲ ಮುಚ್ಚುವುದೇ ಇಲ್ಲ.

ಈ ಸಣ್ಣ ಕರುಳಿನ ಚೀಲ ಹಳ್ಳಿಯಲ್ಲಿರುವವರಿಗೆ ಸುಲಭದ್ದಲ್ಲ. ನೀರು ನೀರಾಗಿ ಹೋಗುತ್ತದೆ. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಮೈಯಲ್ಲಿನ ಉಪ್ಪು, ನೀರು ಎರಡೂ ಖಾಲಿ. ಬೇಸಿಗೆಯಲ್ಲಿ ಶುಗರ್ ಇರುವವರ ಕಿಡ್ನಿ ಇದನ್ನು ತಡೆಯುವುದಿಲ್ಲ. ಓಆರ್‌ಎಸ್, ಉಪ್ಪು ಹಾಕಿದ ಗಂಜಿ, ಉಪ್ಪು ಮಜ್ಜಿಗೆ ಬೇಕು. ಬರೀ ನೀರು ಕುಡಿಸಿದರೆ ಇನ್ನೂ ಜಾಸ್ತಿ ಹೋಗುತ್ತದೆ. ಮೊದಲ ಆರು ವಾರ ತೆಂಗಿನ ತುರಿ, ಹಲಸು, ನುಗ್ಗೆಕಾಯಿ, ಅಣಬೆ ಬೇಡ. ನಾರು ಸಿಕ್ಕಿಕೊಂಡು ಕರುಳು ಕಟ್ಟಬಹುದು.

ಮುಚ್ಚಿದ ಮೇಲಾದರೂ ಎಲ್ಲ ಮೊದಲಿನಂತಾಗುತ್ತದಾ? ಮಲ ಕೂಡಿಟ್ಟುಕೊಳ್ಳುವ ಚೀಲವೇ ಗುದನಾಳ. ಅದನ್ನು ತೆಗೆದಾಗಿದೆ. ತುಂಬಾ ಜನರಿಗೆ ದಿನಕ್ಕೆ ಎಂಟು ಹತ್ತು ಸಲ ಹೋಗಬೇಕಾಗುತ್ತದೆ, ಬಂದರೆ ತಡೆಯಲು ಆಗುವುದಿಲ್ಲ, ರಾತ್ರಿ ಬಟ್ಟೆ ಒದ್ದೆ. ಒಂದೆರಡು ವರ್ಷದಲ್ಲಿ ಕೆಲವರಿಗೆ ಸುಧಾರಿಸುತ್ತದೆ, ಎಲ್ಲರಿಗೂ ಅಲ್ಲ. ಗಡ್ಡೆ ಎಷ್ಟು ಕೆಳಗೋ ಅಷ್ಟು ಕಷ್ಟ, ರೇಡಿಯೇಷನ್ ಆಗಿದ್ದರೆ ಇನ್ನೂ ಕಷ್ಟ. ನಿಮ್ಮ ಮನೆಯಲ್ಲಿ ಕಕ್ಕಸು ಎಲ್ಲಿದೆ? ಮನೆಯ ಒಳಗಾ, ಹಿತ್ತಲಿನಲ್ಲಾ? ಕುಕ್ಕರಗಾಲಿನಲ್ಲಿ ಕೂರುವುದಾ? ಆಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಬರುವಷ್ಟು ಹೊತ್ತು ತಡೆಯಬಲ್ಲರಾ? ಈಗಲೇ, ಗಡ್ಡೆ ಇರುವಾಗಲೇ, ಮೋಷನ್ ತೆಳ್ಳಗಾದರೆ ಬಟ್ಟೆಗೆ ಆಗುತ್ತದಾ? ಈ ಪ್ರಶ್ನೆಗಳು ನನಗೆ ಎಂಆರ್‌ಐನಷ್ಟೇ ಮುಖ್ಯ. ಈಗಲೇ ಹಿಡಿತ ಇಲ್ಲದವರಿಗೆ ಗುದದ್ವಾರ ಉಳಿಸಿ ಕೊಟ್ಟರೆ, ನೋಡಲು ಅದು ಇರುತ್ತದೆ, ಉಪಯೋಗಕ್ಕೆ ಇರುವುದಿಲ್ಲ.

ಎರಡನೆಯದು, ಗುದದ್ವಾರದ ಸಮೇತ ತೆಗೆದು ದೊಡ್ಡ ಕರುಳನ್ನು ಎಡಗಡೆ ಹೊಟ್ಟೆಗೆ ತಂದು ಶಾಶ್ವತ ಚೀಲ ಇಡುವುದು. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ವಿವರಿಸಿದ ಆಪರೇಷನ್ ಇದು. ಆಮೇಲೆ ಬಹಳ ತಿದ್ದುಪಡಿ ಆಗಿದೆ. ಇದರಲ್ಲಿ ಜೋಡಣೆಯೇ ಇಲ್ಲ, ಹಾಗಾಗಿ ಸೋರುವ ಭಯ ಇಲ್ಲ. ಎಲ್ಲ ಸರಿಯಾದರೆ ಒಂದೇ ಆಪರೇಷನ್ನಿಗೆ ಮುಗಿಯುತ್ತದೆ. ಕಷ್ಟ ಇರುವುದು ಕೆಳಗಿನ ಗಾಯದಲ್ಲಿ. ರೇಡಿಯೇಷನ್ ಆದ ಜಾಗ, ಅದರ ಮೇಲೆ ಶುಗರ್. ಮಾಯಲು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಕೂರುವುದು ಕಷ್ಟ, ಡ್ರೆಸಿಂಗ್ ಬೇಕು. ಡ್ರೆಸಿಂಗನ್ನು ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಬಹುದು, ಅದಕ್ಕೆ ಬೆಂಗಳೂರು ಬೇಡ. ಮೂತ್ರಕ್ಕೆ, ಗಂಡಹೆಂಡಿರ ಸಂಬಂಧಕ್ಕೆ ಬೇಕಾದ ನರಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಎರಡೂ ಆಪರೇಷನ್ನಿನಲ್ಲಿ ಅವಕ್ಕೆ ಪೆಟ್ಟಾಗಬಹುದು, ಇದರಲ್ಲಿ ಸ್ವಲ್ಪ ಜಾಸ್ತಿ. ಇದನ್ನು ಮಗಳ ಮುಂದೆ ಅಪ್ಪ ಕೇಳುವುದಿಲ್ಲ. ಡಾಕ್ಟರ ಹತ್ತಿರ ಹತ್ತು ನಿಮಿಷ ಅವರನ್ನು ಒಬ್ಬರೇ ಬಿಡಿ, ಇಲ್ಲವೇ ಅಮ್ಮನ ಜೊತೆ ಬಿಡಿ.

ಬದುಕಿನ ಗುಣಮಟ್ಟ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದಾಗ, ಶಾಶ್ವತ ಚೀಲದವರು ಜೋಡಿಸಿಕೊಂಡವರಿಗಿಂತ ಕಷ್ಟದಲ್ಲಿದ್ದಾರೆ ಅಂತ ಸಾಬೀತಾಗಿಲ್ಲ. ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ಒಪಿಡಿಯಲ್ಲಿ ಕೂರುವ ನನಗೆ ಆಗುವುದಿಲ್ಲ. ಚೀಲ ಇರುವವರು ಹೊಲಕ್ಕೆ ಹೋಗುತ್ತಾರೆ, ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂರುತ್ತಾರೆ. ಹತ್ತು ಸಲ ಓಡುವವರು ಮನೆ ಬಿಟ್ಟು ಹೊರಡುವುದಿಲ್ಲ.

ಆದರೆ ಇದು ನಿಜ ಆಗುವುದು ಚೀಲದ ಬಾಯಿ, ಅಂದರೆ ಕರುಳು ಹೊಟ್ಟೆಯ ಮೇಲೆ ತೆರೆದುಕೊಳ್ಳುವ ಜಾಗ, ಸರಿಯಾದ ಕಡೆ ಇದ್ದರೆ ಮಾತ್ರ. ಇದಕ್ಕೆ ಮೆಷಿನ್ ಬೇಡ, ಒಂದು ಮಾರ್ಕರ್ ಪೆನ್ ಸಾಕು. ಆಪರೇಷನ್ನಿನ ಹಿಂದಿನ ದಿನ ನಾನು ರೋಗಿಗೆ ಅವರದೇ ಪಂಚೆ ಉಟ್ಟುಕೊಂಡು ಬರಲು ಹೇಳುತ್ತೇನೆ. ನಿಲ್ಲಿಸಿ, ಕೂರಿಸಿ, ಪಾತಿಯಲ್ಲಿ ಕಳೆ ಕೀಳುವ ಹಾಗೆ ಬಗ್ಗಿಸಿ ನೋಡುತ್ತೇನೆ. ಪಂಚೆಯ ಗಂಟು ಎಲ್ಲಿ ಒತ್ತುತ್ತದೆ, ಬಗ್ಗಿದಾಗ ಎಲ್ಲಿ ಮಡಿಕೆ ಬೀಳುತ್ತದೆ, ಆ ಗೆರೆಗಳನ್ನೆಲ್ಲ ಬಿಟ್ಟು, ಅವರ ಕಣ್ಣಿಗೆ ಕಾಣುವ ಜಾಗದಲ್ಲಿ ಗುರುತು ಹಾಕುತ್ತೇನೆ. ಮಲಗಿಸಿ ಗುರುತು ಹಾಕಿದರೆ ಮಡಿಕೆ ಕಾಣುವುದೇ ಇಲ್ಲ. ಬಾಯಿ ಮಡಿಕೆಯೊಳಗೆ ಬಿದ್ದರೆ ಬ್ಯಾಗ್ ಅಂಟುವುದಿಲ್ಲ, ಸೋರುತ್ತದೆ, ಚರ್ಮ ಸುಡುತ್ತದೆ, ದಿನಕ್ಕೊಂದು ಬ್ಯಾಗ್ ಹಾಳಾಗುತ್ತದೆ. ಸರಿಯಾಗಿ ಇಟ್ಟರೆ, ಬ್ಯಾಗ್ ಕೂರಿಸಲು ಚರ್ಮಕ್ಕೆ ಅಂಟಿಸುವ ಒಂದು ಪ್ಲೇಟು ಮೂರರಿಂದ ಐದು ದಿನ ಬರುತ್ತದೆ. ಚೀಲ ಅಂದರೆ ಅಸಹ್ಯ ಅನ್ನುವ ಮಾತಿನ ಹಿಂದೆ ಬಹಳ ಸಲ ಕೆಟ್ಟ ಜಾಗದಲ್ಲಿ ಇಟ್ಟ ಒಂದು ಬಾಯಿ ಇರುತ್ತದೆ. ನಿಮ್ಮ ಅಪ್ಪ ಯಾರದ್ದೋ ಅಂಥದ್ದನ್ನು ನೋಡಿರಬಹುದು.

ಬ್ಯಾಗಿನ ಖರ್ಚು ತಗ್ಗಿಸುವ ಒಂದು ದಾರಿ ನಮ್ಮಲ್ಲಿ ಬಹಳ ಜನರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ದೊಡ್ಡ ಕರುಳಿನ ಶಾಶ್ವತ ಚೀಲದಲ್ಲಿ, ಗಾಯ ಮಾಗಿದ ಮೇಲೆ, ದಿನ ಬಿಟ್ಟು ದಿನವೋ ದಿನಾ ಒಂದೇ ಹೊತ್ತಿಗೋ ಆ ಬಾಯಿಯ ಮೂಲಕ ಅರ್ಧದಿಂದ ಒಂದು ಲೀಟರ್ ಉಗುರುಬೆಚ್ಚಗಿನ ನೀರು ಬಿಟ್ಟು ಕರುಳು ತೊಳೆಯಬಹುದು. ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಉಳಿದ ದಿನವೆಲ್ಲ ಏನೂ ಬರದೆ ಇರಬಹುದು, ಒಂದು ಸಣ್ಣ ಮುಚ್ಚಳ ಅಂಟಿಸಿಕೊಂಡರೆ ಸಾಕು. ತೊಳೆಯುವ ಸೆಟ್ ಒಂದು ಸಲ ಕೊಂಡರೆ ಬಹಳ ದಿನ ಬರುತ್ತದೆ. ಕುಡಿಯುವಂಥ ನೀರೇ ಆಗಬೇಕು, ಮೊದಲ ಸಲ ಚೀಲದ ಆರೈಕೆ ಕಲಿಸುವ ಸ್ಟೋಮಾ ನರ್ಸ್ ಕೈಯಲ್ಲೇ ಕಲಿಯಬೇಕು, ಬಾಯಿಯ ಪಕ್ಕ ಹರ್ನಿಯಾ ಇದ್ದರೆ ಮಾಡುವ ಹಾಗಿಲ್ಲ. ಸಣ್ಣ ಕರುಳಿನ ಚೀಲಕ್ಕೆ ಇದು ನಡೆಯುವುದಿಲ್ಲ. ಮುದ್ದೆ ತಿನ್ನಬಹುದಾ ಅಂತ ಕೇಳುತ್ತೀರಿ. ದೊಡ್ಡ ಕರುಳಿನ ಚೀಲಕ್ಕೆ ಧಾರಾಳವಾಗಿ ತಿನ್ನಬಹುದು.

ಬ್ಯಾಗಿನ ರಂಧ್ರ ಕತ್ತರಿಸುವಾಗ ಬಾಯಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಮೊದಲ ಆರೆಂಟು ವಾರದಲ್ಲಿ ಬಾಯಿ ಚಿಕ್ಕದಾಗುತ್ತದೆ, ಮತ್ತೆ ಮತ್ತೆ ಅಳೆಯಬೇಕು. ಚರ್ಮಕ್ಕೆ ಎಣ್ಣೆ, ಪೌಡರು ಹಚ್ಚಿದರೆ ಅಂಟುವುದಿಲ್ಲ. ಬರೀ ನೀರಿನಲ್ಲಿ ಒರೆಸಿ, ಒಣಗಿಸಿ, ಅಂಟಿಸಿ.

ಇನ್ನು ರೋಬೋಟ್. ಹೊಟ್ಟೆ ತೆರೆದು ಮಾಡುವುದು, ಲ್ಯಾಪರೋಸ್ಕೋಪಿ, ರೋಬೋಟ್, ಇವು ಮೂರೂ ಒಳಗೆ ಹೋಗುವ ದಾರಿಗಳು. ಒಳಗೆ ಹೋಗಿ ತೆಗೆಯುವುದು ಒಂದೇ. 2015ರ ಕಲರ್ 2 ಅಧ್ಯಯನದಲ್ಲಿ ತೆರೆದು ಮಾಡಿದವರಿಗೂ ಲ್ಯಾಪರೋಸ್ಕೋಪಿ ಆದವರಿಗೂ ಮೂರು ವರ್ಷದಲ್ಲಿ ಅದೇ ಜಾಗದಲ್ಲಿ ಮರುಕಳಿಸಿದ್ದು ಒಂದೇ ಸಮ, ಶೇ. 5. ಲ್ಯಾಪರೋಸ್ಕೋಪಿಯಲ್ಲಿ ನೋವು ಕಡಿಮೆ, ಬೇಗ ಎದ್ದು ಓಡಾಡುತ್ತಾರೆ, ಸಿಕ್ಕರೆ ಒಳ್ಳೆಯದೇ. ಆದರೆ ಅದೇ ವರ್ಷದ ಬೇರೆರಡು ಅಧ್ಯಯನಗಳಲ್ಲಿ, ತೆಗೆದ ಭಾಗದ ಗುಣಮಟ್ಟದಲ್ಲಿ ಲ್ಯಾಪರೋಸ್ಕೋಪಿ ತೆರೆದು ಮಾಡಿದ್ದಕ್ಕೆ ಸಮ ಅಂತ ತೋರಿಸಲು ಆಗಲಿಲ್ಲ. ರೋಬೋಟನ್ನು ಲ್ಯಾಪರೋಸ್ಕೋಪಿ ಜೊತೆ ಹೋಲಿಸಿದ 2017ರ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈಚೆಗೆ ಚೀನಾದಿಂದ ಬಂದ ದೊಡ್ಡ ಅಧ್ಯಯನದಲ್ಲಿ, ಬಹಳ ಪಳಗಿದ ಕೈಗಳಲ್ಲಿ, ರೋಬೋಟ್ ಸ್ವಲ್ಪ ಮೇಲು ಅಂತ ಬಂದಿದೆ. ಮರುಕಳಿಸುವುದರಲ್ಲಿ ನೂರಕ್ಕೆ ಎರಡು ಮೂರು ಜನರ ಅಂತರ. ಇಕ್ಕಟ್ಟಾದ ಗಂಡಸರ ಸೊಂಟದೊಳಗೆ ಅದರ ಕೈ ಸಲೀಸಾಗಿ ತಿರುಗುತ್ತದೆ, ಅದು ನಿಜ. ದುಡ್ಡು ಇದ್ದು, ಸರ್ಜನ್ ಪಳಗಿದವರಾಗಿದ್ದರೆ ಬೇಡ ಅನ್ನುವುದಿಲ್ಲ. ಆದರೆ ಗಡ್ಡೆ ಸ್ನಾಯುವಿಗೆ ಅಂಟಿದ್ದರೆ ಯಾವ ರೋಬೋಟೂ ಗುದದ್ವಾರ ಉಳಿಸಲಾರದು. ಉಳಿಸಿದರೆ ಕ್ಯಾನ್ಸರನ್ನೂ ಉಳಿಸಿದ ಹಾಗೆ. ತಿಂಗಳಿಗೆ ನಾಲ್ಕಾರು ಗುದನಾಳದ ಆಪರೇಷನ್ ತೆರೆದೇ ಮಾಡುವ ಸರ್ಕಾರಿ ಸರ್ಜನ್ನನ್ನು, ವರ್ಷಕ್ಕೆ ಒಂದೆರಡು ಮಾಡುವ ರೋಬೋಟ್ ಸರ್ಜನ್ನಿಗಿಂತ ಮೇಲೆ ಇಡುತ್ತೇನೆ.

ಹಾಗಾಗಿ ಯಾವ ಮೆಷಿನ್ ಅಂತ ಕೇಳಬೇಡಿ. ತಿಂಗಳಿಗೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ, ಸೋರಿಕೆ ಎಷ್ಟು ಜನರಿಗೆ ಆಗುತ್ತದೆ, ಬ್ಯಾಗ್ ಹಾಕುವುದನ್ನು ಯಾರು ಕಲಿಸುತ್ತಾರೆ ಅಂತ ಕೇಳಿ. ಆಪರೇಷನ್ ಆದ ಮೇಲೆ ಬರುವ ಪೆಥಾಲಜಿ ರಿಪೋರ್ಟಿನಲ್ಲಿ ಹೊದಿಕೆ ಪೂರ್ತಿಯಾಗಿ ಬಂದಿದೆಯಾ, ಅಂಚು ಒಂದು ಮಿಲಿಮೀಟರಿಗಿಂತ ಜಾಸ್ತಿ ಇದೆಯಾ, ಎಷ್ಟು ಗಂಟು ಸಿಕ್ಕಿವೆ ಅನ್ನೋದು ಇರಬೇಕು. ಸಾಮಾನ್ಯವಾಗಿ ಹನ್ನೆರಡಾದರೂ ಇರಲಿ ಅನ್ನುತ್ತೇವೆ, ರೇಡಿಯೇಷನ್ ಆದವರಲ್ಲಿ ಕಡಿಮೆ ಸಿಕ್ಕರೆ ಗಾಬರಿ ಬೇಡ.

ಇನ್ನೆರಡು ದಾರಿಗಳ ಹೆಸರು ನಿಮ್ಮ ಕಿವಿಗೆ ಬೀಳುತ್ತದೆ. ಕೆಳಗಿನಿಂದಲೇ ಗಡ್ಡೆ ಮಾತ್ರ ಕೆತ್ತಿ ತೆಗೆಯುವುದು ತೀರ ಆರಂಭದ, ಸಣ್ಣ ಗಡ್ಡೆಗೆ. ಅಪ್ಪನದು ಆ ಹಂತ ದಾಟಿದೆ. ಇನ್ನೊಂದು, ರೇಡಿಯೇಷನ್, ಕೀಮೋದಲ್ಲೇ ಗಡ್ಡೆ ಪೂರ್ತಿ ಮಾಯವಾದರೆ ಆಪರೇಷನ್ ಮಾಡದೆ ಕಾಯುವುದು. ಬ್ರೆಜಿಲ್ಲಿನ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ ಇದನ್ನು ಜಗತ್ತಿಗೆ ತೋರಿಸಿದರು. ಅಪ್ಪನ ಅದೃಷ್ಟಕ್ಕೆ ಹಾಗಾದರೆ ಚೀಲವೇ ಬೇಡ. ಆದರೆ ಹೀಗೆ ಕಾಯುವವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಎರಡು ವರ್ಷದೊಳಗೆ ಗಡ್ಡೆ ಮತ್ತೆ ಬೆಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ, ಸ್ಕೋಪ್, ನಡುನಡುವೆ ಎಂಆರ್‌ಐ ತಪ್ಪಿಸದೆ ಆಗಬೇಕು. ನಾಟಿ, ಕೊಯ್ಲು, ಹಬ್ಬ ಅಂತ ಒಂದು ಸಲ ತಪ್ಪಿದರೆ ಆಟ ಕೆಡುತ್ತದೆ. ತಪ್ಪದೆ ಕರೆದುಕೊಂಡು ಹೋಗುವವರು ಮನೆಯಲ್ಲಿದ್ದರೆ ಮಾತ್ರ ಈ ಮಾತು ಎತ್ತಿ. ನಿಮ್ಮನ್ನು ನೋಡಿದರೆ ಇದ್ದೀರಿ ಅನ್ನಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ರಿಪೋರ್ಟ್ ನೋಡಿ ಹೇಳುವುದಾದರೆ, ನಿಮ್ಮ ಅಪ್ಪನಿಗೆ ಶಾಶ್ವತ ಚೀಲದ ಸಾಧ್ಯತೆಯೇ ಜಾಸ್ತಿ. ಮನಸ್ಸು ಅದಕ್ಕೆ ಸಿದ್ಧ ಆಗಲಿ, ತಪ್ಪಿದರೆ ಸಂತೋಷ. ಅವರನ್ನು ಒಪ್ಪಿಸುವ ಕೆಲಸವನ್ನು ನೀವು ಮಾಡಬೇಡಿ, ನಾನೂ ಮಾಡುವುದಿಲ್ಲ. ಚೀಲ ಇಟ್ಟುಕೊಂಡು ಹೊಲದಲ್ಲಿ ಕೆಲಸ ಮಾಡುತ್ತಿರುವ ಅವರ ವಯಸ್ಸಿನ ಒಬ್ಬ ರೈತನ ಜೊತೆ ಕೂರಿಸಿ ಅಂತ ಆಸ್ಪತ್ರೆಯವರನ್ನು ಕೇಳಿ. ಅಂಗಿ ಎತ್ತಿ ತೋರಿಸಲು ಒಪ್ಪುವವರು ಪ್ರತಿ ಆಸ್ಪತ್ರೆಯಲ್ಲೂ ಸಿಗುತ್ತಾರೆ.

ದುಡ್ಡಿನ ಮಾತಿಗೆ ಬರೋಣ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ. ರೇಡಿಯೇಷನ್, ಕೀಮೋ, ಆಪರೇಷನ್ ಅದರಲ್ಲಿ ಬರುತ್ತವೆ. ಹಿಮ್ಸ್‌ನಲ್ಲಿ, ಅಂದರೆ ನಮ್ಮ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ರೆಫರಲ್ ಪತ್ರ ಮಾಡಿಸಿಕೊಂಡೇ ಹೊರಡಿ, ಬೆಂಗಳೂರಿಗೆ ಹೋಗಿ ವಾಪಸ್ ಬರುವ ಪಾಡು ಬೇಡ. ತಿಂಗಳು ತಿಂಗಳು ಬೇಕಾಗುವ ಬ್ಯಾಗಿನ ಖರ್ಚು ನಿಮ್ಮದೇ ಅಂತ ಲೆಕ್ಕ ಹಾಕಿಕೊಳ್ಳಿ. ಮನೆಯಲ್ಲಿ ಇರುವ ದುಡ್ಡನ್ನು ಬ್ಯಾಗಿಗೆ, ಓಡಾಟಕ್ಕೆ, ಮೊಟ್ಟೆ ಕಾಳು ಹಾಲಿಗೆ, ಶುಗರ್ ಹತೋಟಿಗೆ ಇಡಿ. ರಕ್ತ ಕಡಿಮೆ ಇದ್ದರೆ ಈಗಿನಿಂದಲೇ ಸರಿ ಮಾಡಿಸಿ. ಬೀಡಿ ಸೇದುತ್ತಿದ್ದರೆ ಇವತ್ತೇ ನಿಲ್ಲಲಿ. ಬಯಾಪ್ಸಿ ತುಂಡಿನ ಮೇಲೆ ಎಂಎಂಆರ್, ಅಂದರೆ ಜೀವಕೋಶ ತನ್ನ ವಂಶವಾಹಿಯ ತಪ್ಪು ತಿದ್ದಿಕೊಳ್ಳುತ್ತದಾ ಅಂತ ನೋಡುವ ಪರೀಕ್ಷೆಯನ್ನೂ ಕೇಳಿ. ಗುದನಾಳದ ಕ್ಯಾನ್ಸರಿನಲ್ಲಿ ಬಹಳ ಕಡಿಮೆ ಜನರಲ್ಲಿ ಅದು ದೋಷ ತೋರಿಸುತ್ತದೆ. ತೋರಿಸಿದರೆ ಚಿಕಿತ್ಸೆಯ ದಾರಿಯೇ ಬೇರೆ, ಮನೆಯವರೂ ವಂಶವಾಹಿ ಪರೀಕ್ಷೆ ಮಾಡಿಸಬೇಕಾಗಬಹುದು. ತೋರಿಸದಿದ್ದರೂ ನೀವು, ನಿಮ್ಮ ಒಡಹುಟ್ಟಿದವರು 40 ತುಂಬಿದ ಮೇಲೆ ಒಂದು ಕೊಲೊನೋಸ್ಕೋಪಿ ಮಾಡಿಸಿ.

ಒಂದು ಎಚ್ಚರಿಕೆ. ಸರದಿಗೆ ಕಾಯುವಾಗ ಗಾಳಿ, ಮೋಷನ್ ಎರಡೂ ನಿಂತು ಹೊಟ್ಟೆ ಉಬ್ಬಿ ವಾಂತಿ ಆದರೆ ಅದು ಕರುಳು ಕಟ್ಟಿದ ಲಕ್ಷಣ. ಬೆಂಗಳೂರಿನ ದಿನಾಂಕಕ್ಕೆ ಕಾಯಬೇಡಿ, ರಾತ್ರಿಯಾದರೂ ಸರಿ, ಹಾಸನಕ್ಕೆ ಬನ್ನಿ. ಮಲ ಹೋಗಲು ಹೊಟ್ಟೆಯ ಮೇಲೆ ಒಂದು ಬಾಯಿ ಮಾಡುವ ತುರ್ತು ಆಪರೇಷನ್ ಇಲ್ಲೇ ಆಗುತ್ತದೆ, ಅದಾದ ಮೇಲೂ ರೇಡಿಯೇಷನ್ ಕೊಡಬಹುದು.

ಹೋಗುವಾಗ ಎಂಆರ್‌ಐ, ಸಿಟಿ ಎರಡರ ಸಿಡಿ ತಗೊಂಡು ಹೋಗಿ, ಬರೀ ಕಾಗದ ಸಾಲದು. ಬಯಾಪ್ಸಿಯ ಸ್ಲೈಡು, ಬ್ಲಾಕು ಹಾಸನದ ಲ್ಯಾಬಿನಿಂದ ಕೇಳಿ ಪಡೆಯಿರಿ, ಅವು ನಿಮ್ಮದೇ. ಆಧಾರ್, ರೇಷನ್ ಕಾರ್ಡ್, ರೆಫರಲ್ ಪತ್ರ ಎರಡೆರಡು ಜೆರಾಕ್ಸ್ ಇರಲಿ. ಶುಗರ್ ಮಾತ್ರೆಯ ಚೀಟಿಯೂ ಜೊತೆಗಿರಲಿ, ಸ್ಕ್ಯಾನಿನ ದಿನ ಯಾವುದು ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ.